ಉಪಾಧ್ಯಕ್ಷ ಸ್ಥಾನಕ್ಕೆ ಯಾರು? ‘ದಿ ಕ್ಯಾಂಪೇನ್ ಟ್ರೇಲ್’ ಆಡುವವರಿಗೊಂದು ಕೈಪಿಡಿ

‘ದಿ ಕ್ಯಾಂಪೇನ್ ಟ್ರೇಲ್’ ಆಟ ಶುರುವಾಗುವುದು ನಾಲ್ಕು ಆಯ್ಕೆಗಳಿಂದ. ಯಾವ ವರ್ಷದ ಅಮೆರಿಕ ಚುನಾವಣೆ, ಯಾವ ಅಭ್ಯರ್ಥಿ, ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ಯಾರು, ಆಟ ಎಷ್ಟು ಕಷ್ಟವಿರಬೇಕು. ಇದರಲ್ಲಿ ಮೂರನೆಯದನ್ನು ಬಹಳ ಮಂದಿ ಫೋಟೊ ನೋಡಿ ಒತ್ತಿಬಿಡುತ್ತಾರೆ. ಕೇಳಿದ ಹೆಸರು ಕಂಡರೆ ಅದೇ. ಇಲ್ಲವಾದರೆ ದೊಡ್ಡ ರಾಜ್ಯದವರು ಯಾರಿದ್ದಾರೋ ಅವರು. ಆಮೇಲೆ 25 ಪ್ರಶ್ನೆಗಳಿಗೆ ತಲೆ ಕೆಡಿಸಿಕೊಂಡು ಉತ್ತರಿಸಿ, ಮತ ಎಣಿಕೆಯ ರಾತ್ರಿ ನಕ್ಷೆಯೆಲ್ಲ ಎದುರಾಳಿಯ ಬಣ್ಣಕ್ಕೆ ತಿರುಗಿದಾಗ ಪ್ರಶ್ನೆಗಳನ್ನು ಬೈಯುತ್ತಾರೆ.

ಅಮೆರಿಕದ ಚುನಾವಣೆಯನ್ನು ಕಂಪ್ಯೂಟರಿನಲ್ಲಿ ಆಡುವ ಹುಚ್ಚು ಹೊಸದಲ್ಲ. 1981ರಲ್ಲೇ ‘ಪ್ರೆಸಿಡೆಂಟ್ ಎಲೆಕ್ಟ್’ ಬಂದಿತ್ತು. 2004ರಲ್ಲಿ ಶುರುವಾದ ‘ದಿ ಪೊಲಿಟಿಕಲ್ ಮಷೀನ್’ ಪ್ರತಿ ಚುನಾವಣೆಯ ಜೊತೆಗೂ ಹೊಸ ಆವೃತ್ತಿ ತರುತ್ತ ಬಂದಿದೆ. 2012ರ ‘ದಿ ಕ್ಯಾಂಪೇನ್ ಟ್ರೇಲ್’ ಇವುಗಳಲ್ಲಿ ಬಡಪಾಯಿ. ಚಂದದ ಗ್ರಾಫಿಕ್ಸ್ ಇಲ್ಲ, ಸಂಗೀತವಿಲ್ಲ, ಪ್ರಶ್ನೆ ಓದಿ ಉತ್ತರ ಆರಿಸುವುದಷ್ಟೇ ಕೆಲಸ. ಆದರೆ ಕಾಸಿಲ್ಲದೆ ಬ್ರೌಸರಿನಲ್ಲೇ ಆಡಬಹುದು, ಒಂದು ಸುತ್ತು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಇತಿಹಾಸ ಓದಿದವರಿಗೆ ಇದರಷ್ಟು ಮಜಾ ಕೊಡುವ ಆಟ ಇನ್ನೊಂದಿಲ್ಲ. ಹಾಗಾಗಿ ಇಲ್ಲಿ ಇದನ್ನೇ ಹಿಡಿದುಕೊಂಡಿದ್ದೇನೆ. ಲೆಕ್ಕಾಚಾರ ಮಾತ್ರ ಉಳಿದ ಆಟಗಳಿಗೂ ಹೊಂದುತ್ತದೆ.

ಮೊದಲು ಆಟದ ಒಳಗುಟ್ಟು. ಪ್ರತಿ ರಾಜ್ಯಕ್ಕೂ ನಾಗರಿಕ ಹಕ್ಕು, ಆರ್ಥಿಕತೆ, ವಿದೇಶಾಂಗ ನೀತಿ ಮೊದಲಾದ ವಿಷಯಗಳಲ್ಲಿ ಒಂದು ನಿಲುವು ಇರುತ್ತದೆ. ಯಾವ ವಿಷಯ ಆ ರಾಜ್ಯಕ್ಕೆ ಎಷ್ಟು ಮುಖ್ಯ ಎಂಬ ತೂಕವೂ ಇರುತ್ತದೆ. ನಿಮ್ಮ ಅಭ್ಯರ್ಥಿಯ ನಿಲುವು ಅದಕ್ಕೆ ಹತ್ತಿರವಿದ್ದಷ್ಟೂ ಮತ ನಿಮ್ಮ ಕಡೆ. ಉಪಾಧ್ಯಕ್ಷ ಅಭ್ಯರ್ಥಿಯ ನಿಲುವೂ ಈ ಲೆಕ್ಕಕ್ಕೆ ಸೇರುತ್ತದೆ, ಆದರೆ ಅದರ ತೂಕ ಬಹಳ ಕಡಿಮೆ. ಅಂದರೆ ರನ್ನಿಂಗ್ ಮೇಟ್ ಯಾರೇ ಆದರೂ ಐದು ಪಾಯಿಂಟಿನ ಸೋಲನ್ನು ಗೆಲುವಾಗಿ ಮಾಡಲಾರರು. ಅರ್ಧ ಪಾಯಿಂಟಿನ ಸೋಲಾದರೆ ಮಾಡಬಲ್ಲರು. ಅರ್ಧ ಪಾಯಿಂಟಿನ ಗೆಲುವನ್ನು ಸೋಲಾಗಿಯೂ ಮಾಡಬಲ್ಲರು. ಇದನ್ನೇ ಎಲ್ಲರೂ ಮರೆಯುವುದು.

ಇಲ್ಲಿ ಕರ್ನಾಟಕದ ರಾಜಕೀಯ ನೋಡಿ ಬೆಳೆದ ನಮ್ಮ ಅಭ್ಯಾಸವೊಂದು ಅಡ್ಡ ಬರುತ್ತದೆ. ನಮ್ಮಲ್ಲಿ ಜಾತಿ, ಪ್ರದೇಶಗಳನ್ನು ಸರಿದೂಗಿಸಲು ಉಪಮುಖ್ಯಮಂತ್ರಿ ಸ್ಥಾನ ಹಂಚುವುದು ಸಾಮಾನ್ಯವಾಗಿ ಫಲಿತಾಂಶ ಬಂದ ಮೇಲೆ. ಒಬ್ಬರು ಸಾಲದಿದ್ದರೆ ಇನ್ನೊಬ್ಬರು, 2019ರಲ್ಲಿ ಒಟ್ಟಿಗೆ ಮೂವರು. ಅಮೆರಿಕದಲ್ಲಿ ಈ ಸಮಾಧಾನಪಡಿಸುವ ಕೆಲಸ ಮತದಾನಕ್ಕೆ ಮೊದಲೇ ಆಗಬೇಕು, ಇರುವುದೂ ಒಂದೇ ಕುರ್ಚಿ. ಒಬ್ಬರನ್ನು ಕೂರಿಸಿದ ಕೂಡಲೇ ಉಳಿದವರೆಲ್ಲ ಮುನಿಸಿಕೊಂಡು ಮತಗಟ್ಟೆಗೆ ಹೋಗುತ್ತಾರೆ, ಇಲ್ಲವೆ ಹೋಗುವುದೇ ಇಲ್ಲ. ಆದ್ದರಿಂದ ಯಾರು ಏನು ತರುತ್ತಾರೆ ಎಂದು ಕೇಳುವ ಮೊದಲು, ಯಾರನ್ನು ಕಳೆಯುತ್ತಾರೆ ಎಂದು ಕೇಳಬೇಕು.

ನಾನು ಹೇಳುವ ಕ್ರಮ ಇದು. ಮೊದಲು ಯಾರನ್ನಾದರೂ ಆರಿಸಿ ಆಟ ಶುರು ಮಾಡಿ. ಮೊದಲ ಪ್ರಶ್ನೆ ಬಂದಾಗ ಉತ್ತರಿಸದೆ ನಕ್ಷೆ ತೆರೆದು ನೋಡಿ. ಬಣ್ಣ ಗಾಢವಾಗಿರುವ ರಾಜ್ಯಗಳನ್ನು ಬಿಟ್ಟುಬಿಡಿ, ಅವು ನಿಮ್ಮವೋ ಎದುರಾಳಿಯವೋ ಆಗಿಹೋಗಿವೆ. ತೆಳು ಬಣ್ಣದವುಗಳನ್ನು ಒಂದು ಕಾಗದದ ಮೇಲೆ ಬರೆದುಕೊಂಡು ಪಕ್ಕದಲ್ಲಿ ಎಲೆಕ್ಟೋರಲ್ ಮತ, ಅಂದರೆ ಅಲ್ಲಿ ಗೆದ್ದವರಿಗೆ ಆ ರಾಜ್ಯದ ಎಲೆಕ್ಟರುಗಳು ಹಾಕುವ ಮತಗಳ ಸಂಖ್ಯೆ, ಬರೆಯಿರಿ. ಬಹುಮತಕ್ಕೆ ಎಷ್ಟು ಕಡಿಮೆ ಬೀಳುತ್ತದೆ, ಅದನ್ನು ಯಾವ ಯಾವ ರಾಜ್ಯ ಸೇರಿಸಿ ತುಂಬಬಹುದು ಎಂದು ಎರಡು ಮೂರು ದಾರಿ ಹಾಕಿ. ಆಮೇಲೆ ಆಟ ಮುಚ್ಚಿ ಮತ್ತೆ ತೆರೆಯಿರಿ. ಈಗ ಆ ಫೋಟೊಗಳನ್ನು ನೋಡಿದರೆ ಬೇರೆಯಾಗಿಯೇ ಕಾಣುತ್ತವೆ.

1960ರ ಚುನಾವಣೆಯನ್ನು ತೆಗೆದುಕೊಳ್ಳೋಣ. ರನ್ನಿಂಗ್ ಮೇಟ್ ತವರು ರಾಜ್ಯ ಗೆಲ್ಲಿಸಿಕೊಡುತ್ತಾರೆ ಎಂಬ ಪಾಠ ಹೇಳಲು ಎಲ್ಲರೂ ಬಳಸುವ ಉದಾಹರಣೆ ಇದು: ಮ್ಯಾಸಚೂಸೆಟ್ಸಿನ ಜಾನ್ ಕೆನಡಿ ಟೆಕ್ಸಸ್‌ನ ಲಿಂಡನ್ ಜಾನ್ಸನ್‌ರನ್ನು ಸೇರಿಸಿಕೊಂಡರು, ಟೆಕ್ಸಸ್ ಗೆದ್ದರು, ಅಧ್ಯಕ್ಷರಾದರು. ಕೇಳಲು ಚೆನ್ನಾಗಿದೆ. ಕೂಡಿ ಕಳೆದು ನೋಡಿ. ಆಗ ಒಟ್ಟು ಎಲೆಕ್ಟೋರಲ್ ಮತ 537, ಬಹುಮತಕ್ಕೆ 269. ಕೆನಡಿಗೆ 303, ಎದುರಾಳಿ ನಿಕ್ಸನ್‌ಗೆ 219, ಬಹುಪಾಲು ಯಾರಿಗೂ ಬದ್ಧರಲ್ಲದ ದಕ್ಷಿಣದ ಎಲೆಕ್ಟರುಗಳ ಕೃಪೆಯಿಂದ ಹ್ಯಾರಿ ಬರ್ಡ್‌ಗೆ 15. ಟೆಕ್ಸಸ್‌ನದು 24. ಕೆನಡಿಯಿಂದ 24 ಕಳೆದರೂ 279 ಉಳಿಯುತ್ತದೆ. ಟೆಕ್ಸಸ್ ಸೋತಿದ್ದರೂ ಅವರೇ ಅಧ್ಯಕ್ಷ!

ಹಾಗಾದರೆ ಜಾನ್ಸನ್ ಬೇಡವಾಗಿದ್ದರೇ? ಅಲ್ಲ. ಟೆಕ್ಸಸ್ ಜೊತೆಗೆ 14 ಮತಗಳ ನಾರ್ತ್ ಕ್ಯಾರೊಲೈನಾ ಕೂಡ ಕೈಬಿಟ್ಟಿದ್ದರೆ ಕೆನಡಿ 265ಕ್ಕೆ ಇಳಿಯುತ್ತಿದ್ದರು. ನಿಕ್ಸನ್ 257ಕ್ಕೆ ಏರುತ್ತಿದ್ದರು. ಯಾರಿಗೂ ಬಹುಮತವಿಲ್ಲದೆ ತೀರ್ಮಾನ ಪ್ರತಿನಿಧಿ ಸಭೆಗೆ ಹೋಗುತ್ತಿತ್ತು. ಜಾನ್ಸನ್ ರೈಲಿನಲ್ಲಿ ದಕ್ಷಿಣದ ಊರೂರು ಸುತ್ತಿದ್ದು ಟೆಕ್ಸಸ್ ಒಂದಕ್ಕಾಗಿ ಅಲ್ಲ. ನಾರ್ತ್ ಕ್ಯಾರೊಲೈನಾ, ಸೌತ್ ಕ್ಯಾರೊಲೈನಾ, ಜಾರ್ಜಿಯಾ, ಲೂಸಿಯಾನಾ, ಅರ್ಕನ್ಸಾಸ್ ಎಲ್ಲವೂ ಕ್ಯಾಥೊಲಿಕ್ ಅಭ್ಯರ್ಥಿಯಾದ ಕೆನಡಿಯನ್ನು ಒಪ್ಪಬೇಕಿತ್ತು. ಜಾನ್ಸನ್‌ರ ತೂಕ ಒಂದು ರಾಜ್ಯದ್ದಲ್ಲ, ಒಂದು ಇಡೀ ಪ್ರದೇಶದ್ದು. ಆಟದಲ್ಲೂ ಹೀಗೆಯೇ ಯೋಚಿಸಿ: ಈ ವ್ಯಕ್ತಿಯ ಊರು ಯಾವುದು ಎಂದಲ್ಲ, ಯಾವ ಬಗೆಯ ಮತದಾರರು ಇವರ ಮುಖ ನೋಡಿ ನಿರಾಳರಾಗುತ್ತಾರೆ ಎಂದು.

ಈಗ ಖರ್ಚಿನ ಬಾಬ್ತು. ಜಾನ್ಸನ್ ಹೆಸರು ಕೇಳಿ ಉತ್ತರದ ಉದಾರವಾದಿಗಳಿಗೆ, ಕಾರ್ಮಿಕ ಸಂಘಟನೆಗಳ ನಾಯಕರಿಗೆ ಸಿಟ್ಟು ಬಂದಿತ್ತು. ಆ ಸಿಟ್ಟು ಮತಪೆಟ್ಟಿಗೆಗೆ ಇಳಿದಿದ್ದರೆ ಏನಾಗುತ್ತಿತ್ತು ನೋಡಿ. ಇಲಿನಾಯ್‌ನಲ್ಲಿ (27) ಕೆನಡಿ ಗೆದ್ದದ್ದು ಒಂಬತ್ತು ಸಾವಿರಕ್ಕೂ ಕಡಿಮೆ ಮತಗಳಿಂದ. ಮಿಸೌರಿಯಲ್ಲಿ (13) ಸುಮಾರು ಹತ್ತು ಸಾವಿರ. ನ್ಯೂಜೆರ್ಸಿ (16), ಮಿನೆಸೊಟಾ (11) ಎರಡರಲ್ಲೂ ಇಪ್ಪತ್ತೆರಡು ಸಾವಿರದ ಆಸುಪಾಸು. ನಾಲ್ಕೂ ಸೇರಿದರೆ 67. ಟೆಕ್ಸಸ್‌ಗಾಗಿ ಕೈ ಚಾಚಿ ಈ 67 ಕಳೆದುಕೊಂಡರೆ ಆಟ ಮುಗಿಯಿತು, ನಿಕ್ಸನ್ 286.

ಅಂದರೆ ಜಾನ್ಸನ್‌ರನ್ನು ಆರಿಸಿದ ಕ್ಷಣದಿಂದ ನಿಮ್ಮ ಉತ್ತರಗಳ ದಿಕ್ಕೂ ತೀರ್ಮಾನವಾಗುತ್ತದೆ. ದಕ್ಷಿಣವನ್ನು ನೋಡಿಕೊಳ್ಳಲು ಅವರಿದ್ದಾರೆ. ನೀವು ಉತ್ತರವನ್ನು ನೋಡಿಕೊಳ್ಳಬೇಕು. ನಿಜವಾದ ಕೆನಡಿ ಮಾಡಿದ್ದೂ ಅದನ್ನೇ. 1960ರ ಅಕ್ಟೋಬರಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜಾರ್ಜಿಯಾದಲ್ಲಿ ಜೈಲು ಸೇರಿದಾಗ ಅವರ ಪತ್ನಿ ಕೊರೆಟ್ಟಾಗೆ ಕೆನಡಿ ಫೋನ್ ಮಾಡಿ ಧೈರ್ಯ ಹೇಳಿದರು. ದಕ್ಷಿಣದ ಬಿಳಿಯ ಮತದಾರರಿಗೆ ಇಷ್ಟವಾಗದ ಕೆಲಸ, ಆದರೆ ಷಿಕಾಗೊ, ಡೆಟ್ರಾಯಿಟ್‌ಗಳ ಕಪ್ಪು ಮತದಾರರಿಗೆ ಮುಟ್ಟಿದ ಕೆಲಸ. ಜಾನ್ಸನ್ ಪಕ್ಕದಲ್ಲಿಲ್ಲದಿದ್ದರೆ ಆ ಫೋನಿಗೆ ದಕ್ಷಿಣ ಹೆಚ್ಚಿನ ಬೆಲೆ ಕೇಳುತ್ತಿತ್ತು ಎಂಬುದು ನನ್ನ ಅಂದಾಜು. ಜಾನ್ಸನ್‌ರನ್ನು ಇಟ್ಟುಕೊಂಡು ನಾಗರಿಕ ಹಕ್ಕುಗಳ ಪ್ರಶ್ನೆಯಲ್ಲೂ ದಕ್ಷಿಣಕ್ಕೇ ತಲೆಬಾಗುವ ಆಟಗಾರ ಒಂದೇ ವಸ್ತುವಿಗೆ ಎರಡು ಸಲ ದುಡ್ಡು ಕೊಟ್ಟಂತೆ.

ಆಗ ಹೆಸರು ಕೇಳಿಬಂದಿದ್ದ ಇನ್ನಿಬ್ಬರನ್ನು ಇದೇ ತಕ್ಕಡಿಯಲ್ಲಿ ತೂಗಬಹುದು. ಮಿಸೌರಿಯ ಸ್ಟುವರ್ಟ್ ಸಿಮಿಂಗ್ಟನ್ ಯಾರಿಗೂ ಬೇಸರ ತರದ ಮನುಷ್ಯ. 13 ಮತಗಳ ತೆಳುಗೆರೆಯ ರಾಜ್ಯವನ್ನು ಇನ್ನಷ್ಟು ಭದ್ರ ಮಾಡಬಲ್ಲರು, ಆದರೆ ದಕ್ಷಿಣದಲ್ಲಿ ನಿಮ್ಮ ಪರವಾಗಿ ಮಾತಾಡಲು ಯಾರೂ ಇರುವುದಿಲ್ಲ. ವಾಷಿಂಗ್ಟನ್ ರಾಜ್ಯದ ಹೆನ್ರಿ ಜಾಕ್ಸನ್ ಪಶ್ಚಿಮಕ್ಕೆ ಸರಿ. ಆ ವರ್ಷ ಪಶ್ಚಿಮದ ರಾಜ್ಯಗಳಲ್ಲಿ ಬಹುಪಾಲು ನಿಕ್ಸನ್ ಕಡೆಗೇ ಹೋದವು, ಅಲ್ಲಿ ಒಬ್ಬ ಉಪಾಧ್ಯಕ್ಷ ಅಭ್ಯರ್ಥಿಯನ್ನು ಖರ್ಚು ಮಾಡುವುದು ದಂಡ.

ತವರು ರಾಜ್ಯ ಗೆಲ್ಲಿಸಿಕೊಡುತ್ತಾರೆ ಎಂಬ ನಂಬಿಕೆ ಅಮೆರಿಕದ ಪತ್ರಕರ್ತರಲ್ಲೂ ಸಾಯದ ನಂಬಿಕೆ. ಕ್ರಿಸ್ಟೋಫರ್ ಡಿವೈನ್ ಮತ್ತು ಕೈಲ್ ಕಾಪ್ಕೊ ಎಂಬ ರಾಜ್ಯಶಾಸ್ತ್ರಜ್ಞರು 2016ರಲ್ಲಿ ಇದರ ಬಗ್ಗೆಯೇ ಒಂದು ಪುಸ್ತಕ ಬರೆದು, ಸಾಮಾನ್ಯವಾಗಿ ಆ ಲಾಭ ಲೆಕ್ಕಕ್ಕೆ ಬರುವಷ್ಟೂ ಇರುವುದಿಲ್ಲ ಎಂದು ತೋರಿಸಿದರು. ಉದಾಹರಣೆಗಳಿಗೇನೂ ಬರವಿಲ್ಲ. 1988ರಲ್ಲಿ ಟೆಕ್ಸಸ್‌ನ ಸೆನೆಟರ್ ಲಾಯ್ಡ್ ಬೆಂಟ್ಸನ್ ಡೆಮಾಕ್ರಟ್ ಅಭ್ಯರ್ಥಿ ಡುಕಾಕಿಸ್ ಜೊತೆಗಿದ್ದರೂ ಟೆಕ್ಸಸ್ ಹಿರಿಯ ಬುಷ್ ಪಾಲಾಯಿತು. ಅದೇ ದಿನ ಅದೇ ಜನ ಬೆಂಟ್ಸನ್‌ರನ್ನು ಸೆನೆಟ್‌ಗೆ ಮರಳಿ ಕಳಿಸಿದರು ಎಂಬುದು ತಮಾಷೆ. 2004ರಲ್ಲಿ ಜಾನ್ ಎಡ್ವರ್ಡ್ಸ್ ನಾರ್ತ್ ಕ್ಯಾರೊಲೈನಾ ತರಲಿಲ್ಲ, 2012ರಲ್ಲಿ ಪಾಲ್ ರಯಾನ್ ವಿಸ್ಕಾನ್ಸಿನ್ ತರಲಿಲ್ಲ.

2024ರಲ್ಲಿ ಕಮಲಾ ಹ್ಯಾರಿಸ್ ಪೆನ್ಸಿಲ್ವೇನಿಯಾದ ಗವರ್ನರ್ ಜಾಶ್ ಶಪೀರೊ ಬದಲು ಮಿನೆಸೊಟಾದ ಟಿಮ್ ವಾಲ್ಜ್ ಅವರನ್ನು ಆರಿಸಿದ್ದೇ ಸೋಲಿಗೆ ಕಾರಣ ಎನ್ನುವವರು ಇವತ್ತೂ ಇದ್ದಾರೆ. ಲೆಕ್ಕ ಅವರ ಕಡೆಗಿಲ್ಲ. ಹ್ಯಾರಿಸ್‌ಗೆ ಬಂದದ್ದು 226, ಪೆನ್ಸಿಲ್ವೇನಿಯಾದ 19 ಸೇರಿದರೆ 245. ಬೇಕಿದ್ದದ್ದು 270. ಮಿಷಿಗನ್‌ನ 15, ವಿಸ್ಕಾನ್ಸಿನ್‌ನ 10 ಕೂಡ ಬಂದಿದ್ದರೆ ಮಾತ್ರ ಸರಿಯಾಗಿ 270 ಮುಟ್ಟುತ್ತಿತ್ತು. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಪೆನ್ಸಿಲ್ವೇನಿಯಾ ತರುವವರು ಯಾರು’ ಎಂದಲ್ಲ, ‘ಈ ಮೂರೂ ರಾಜ್ಯಗಳಲ್ಲಿ ಹಿಡಿಸುವವರು ಯಾರು’ ಎಂದು.

ಇಷ್ಟೆಲ್ಲ ಹೇಳಿದ ಮೇಲೆ 2000ದ ಚುನಾವಣೆ ಬಂದು ನನ್ನ ಮಾತಿಗೇ ತಡೆ ಹಾಕುತ್ತದೆ. ಅಲ್ಲಿ ಕಿರಿಯ ಬುಷ್ 271, ಗೋರ್ 266. ಗೋರ್ ಪಾಲಿನ ಒಬ್ಬ ಎಲೆಕ್ಟರ್ ಮತವನ್ನೇ ಹಾಕಲಿಲ್ಲ. ಫ್ಲಾರಿಡಾದ 25 ಮತ ಕೈತಪ್ಪಿದ್ದು 537 ಮತದಾರರಿಂದ. ಫ್ಲಾರಿಡಾದ ಗವರ್ನರ್ ಆಗಿದ್ದು, ಆಮೇಲೆ ಸೆನೆಟರ್ ಆದ ಬಾಬ್ ಗ್ರಹಾಂ ಹೆಸರು ಗೋರ್ ಅವರ ಪಟ್ಟಿಯಲ್ಲಿತ್ತು. ಅದೇ ಪಟ್ಟಿಯಲ್ಲಿದ್ದ ಇನ್ನೊಬ್ಬರು ನ್ಯೂಹ್ಯಾಂಪ್‌ಷೈರ್ ಗವರ್ನರ್ ಜೀನ್ ಶಹೀನ್. ಆ ಪುಟ್ಟ ರಾಜ್ಯಕ್ಕೆ ಇದ್ದದ್ದು ಬರೀ ನಾಲ್ಕು ಎಲೆಕ್ಟೋರಲ್ ಮತ, ಬುಷ್ ಅಲ್ಲಿ ಗೆದ್ದದ್ದು ಏಳು ಸಾವಿರ ಚಿಲ್ಲರೆಯಿಂದ. ಆ ನಾಲ್ಕು ಬಂದಿದ್ದರೂ ಗೋರ್ ಅಧ್ಯಕ್ಷರಾಗುತ್ತಿದ್ದರು. ತವರಿನ ಲಾಭ ಅತ್ಯಲ್ಪ ನಿಜ. ಅಂತರ ಅದಕ್ಕಿಂತಲೂ ಅಲ್ಪವಾದಾಗ ಅತ್ಯಲ್ಪವೇ ಸಾಕು. ಆಟದಲ್ಲಿ 2000 ಆರಿಸಿದರೆ ಕಣ್ಣುಮುಚ್ಚಿ ತವರು ರಾಜ್ಯ ನೋಡಿಯೇ ಆರಿಸಿ. ಬೇರೆ ವರ್ಷಗಳಲ್ಲಿ, ನಿಮ್ಮ ಕಾಗದದ ಪಟ್ಟಿಯಲ್ಲಿ ಒಂದು ಪಾಯಿಂಟಿಗಿಂತ ಕಡಿಮೆ ಅಂತರದ ರಾಜ್ಯವಿದ್ದರೆ ಮಾತ್ರ.

ಗೋರ್ ಆರಿಸಿದ್ದು ಜೋ ಲೀಬರ್‌ಮನ್‌ರನ್ನು. ಅವರ ತವರು ಕನೆಕ್ಟಿಕಟ್ ಹೇಗೂ ಡೆಮಾಕ್ರಟರದ್ದೇ, ಅಲ್ಲಿ ಗಳಿಸುವುದೇನೂ ಇರಲಿಲ್ಲ. ಆದರೆ ಲ್ಯುವಿನ್‌ಸ್ಕಿ ಪ್ರಕರಣದಲ್ಲಿ ಅಧ್ಯಕ್ಷ ಕ್ಲಿಂಟನ್‌ರನ್ನು ಸೆನೆಟ್‌ನಲ್ಲೇ ನಿಂತು ಟೀಕಿಸಿದ್ದ ಡೆಮಾಕ್ರಟ್ ಅವರು. ‘ನಾನು ಕ್ಲಿಂಟನ್ ಅಲ್ಲ’ ಎಂದು ಗೋರ್ ಬಾಯಿಬಿಟ್ಟು ಹೇಳಲಾಗದ್ದನ್ನು ಆ ಆಯ್ಕೆ ಹೇಳಿತು. ರನ್ನಿಂಗ್ ಮೇಟ್ ಮಾಡುವ ದೊಡ್ಡ ಕೆಲಸ ಇದೇ ಇರಬೇಕು: ಅಧ್ಯಕ್ಷ ಅಭ್ಯರ್ಥಿ ಎಂಥವರು, ಅವರ ವಿವೇಕ ಎಂಥದ್ದು ಎಂಬುದನ್ನು ಜನರಿಗೆ ತೋರಿಸುವುದು. 2008ರಲ್ಲಿ ಡೆಲವೇರ್‌ನ ಮೂರು ಮತಗಳಿಗಾಗಿ ಒಬಾಮ ಬೈಡನ್‌ರನ್ನು ಕರೆಯಲಿಲ್ಲ. ಅನುಭವ ಸಾಲದು ಎಂಬ ದೂರಿಗೆ ಉತ್ತರ ಬೇಕಿತ್ತು. ಅದೇ ವರ್ಷ ಒಬಾಮಗೆ ಅನುಭವವಿಲ್ಲ ಎಂದು ಹೇಳುತ್ತಲೇ ಬಂದಿದ್ದ ಮೆಕೇನ್, ಅಲಾಸ್ಕದ ಗವರ್ನರ್ ಆಗಿ ಎರಡು ವರ್ಷವೂ ತುಂಬದ ಸಾರಾ ಪೇಲಿನ್‌ರನ್ನು ತಂದು ತಮ್ಮ ಆಯುಧವನ್ನು ತಾವೇ ಮೊಂಡು ಮಾಡಿಕೊಂಡರು.

ಸಮತೋಲನವೇ ಧರ್ಮ ಎಂದೂ ತಿಳಿಯಬೇಡಿ. 1992ರಲ್ಲಿ ಅರ್ಕನ್ಸಾಸ್‌ನ ಕ್ಲಿಂಟನ್ ಪಕ್ಕದ ಟೆನೆಸಿಯ ಗೋರ್‌ರನ್ನೇ ಕರೆದರು. ಇಬ್ಬರೂ ದಕ್ಷಿಣದವರು, ಇಬ್ಬರೂ ನಲವತ್ತೈದರ ಆಸುಪಾಸಿನವರು, ಇಬ್ಬರದೂ ಮಧ್ಯಮಮಾರ್ಗ. ಒಂದೇ ಮಾತನ್ನು ಇಬ್ಬರು ಹೇಳಿದಾಗ ಅದು ಗಟ್ಟಿಯಾಗಿ ಕೇಳಿಸಿತು. ‘ಕ್ಯಾಂಪೇನ್ ಟ್ರೇಲ್’ನ ಒಳಲೆಕ್ಕಕ್ಕೂ ಇದು ಚೆನ್ನಾಗಿ ಹೊಂದುತ್ತದೆ: ನಿಮ್ಮ ನಿಲುವಿಗೆ ಪೂರ್ತಿ ವಿರುದ್ಧವಾದವರನ್ನು ತಂದರೆ ನೀವು ಕಷ್ಟಪಟ್ಟು ಉತ್ತರಗಳಲ್ಲಿ ಕಟ್ಟಿದ್ದನ್ನು ಅವರು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾರೆ. ಮುಂದಿರುವವರು ತಮ್ಮಂಥವರನ್ನೇ ಆರಿಸಲಿ, ಹಿಂದಿರುವವರು ಬೇರೆ ಬಗೆಯವರನ್ನು ಹುಡುಕಲಿ ಎಂಬುದು ನನ್ನ ಅಭಿಪ್ರಾಯ. ಕಠಿಣ ಮಟ್ಟದಲ್ಲಿ ಆಡುವಾಗ ನೀವು ಯಾವಾಗಲೂ ಹಿಂದಿರುವವರೇ.

ಹಿನ್ನೆಲೆ ವಿಚಾರಿಸುವುದು ಈ ಆಟದಲ್ಲಿ ಹೆಚ್ಚು ಇಲ್ಲ, ಹೆಸರುಗಳನ್ನು ತಯಾರು ಮಾಡಿಯೇ ಕೊಡುತ್ತಾರೆ. ನಿಜದಲ್ಲಿ ಮಾತ್ರ ಅದಿಲ್ಲದೆ 1972ರಲ್ಲಿ ಮೆಕ್‌ಗವರ್ನ್ ಕೆಟ್ಟರು. ಅವರ ರನ್ನಿಂಗ್ ಮೇಟ್ ಥಾಮಸ್ ಈಗಲ್ಟನ್ ಖಿನ್ನತೆಗೆ ವಿದ್ಯುತ್ ಚಿಕಿತ್ಸೆ ಪಡೆದಿದ್ದ ವಿಷಯ ಆಯ್ಕೆಯ ನಂತರ ಹೊರಬಿತ್ತು, 18 ದಿನಗಳಲ್ಲಿ ಅವರನ್ನು ಕೈಬಿಡಬೇಕಾಯಿತು. ಆ ವರ್ಷ ಮೆಕ್‌ಗವರ್ನ್ 49 ರಾಜ್ಯ ಸೋತದ್ದಕ್ಕೆ ಬೇರೆ ಕಾರಣಗಳೂ ಇದ್ದವೆನ್ನಿ.

ಅಭಿಮಾನಿಗಳು ಬರೆದು ಸೇರಿಸಿದ ‘ಮಾಡ್’ಗಳು ಈಗ ರಾಶಿ ರಾಶಿ ಸಿಗುತ್ತವೆ. ಕೆಲವುಗಳಲ್ಲಿ ಉಪಾಧ್ಯಕ್ಷ ಅಭ್ಯರ್ಥಿ ಬದಲಾದರೆ ಮುಂದೆ ಬರುವ ಪ್ರಶ್ನೆಗಳೇ ಬದಲಾಗುತ್ತವೆ. ಸ್ವಂತ ಮಾಡ್ ಬರೆಯಲು ಹೊರಟವರು ಸಂವಿಧಾನದ ಒಂದು ಕಟ್ಟಳೆ ನೆನಪಿಡಬೇಕು. 1804ರ 12ನೇ ತಿದ್ದುಪಡಿಯ ಪ್ರಕಾರ ಒಂದು ರಾಜ್ಯದ ಎಲೆಕ್ಟರುಗಳು ತಮ್ಮದೇ ರಾಜ್ಯದ ನಿವಾಸಿಗಳಾದ ಇಬ್ಬರಿಗೂ ಮತ ಹಾಕುವಂತಿಲ್ಲ. 2000ದಲ್ಲಿ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ನೆಲೆಸಿದ್ದ ಡಿಕ್ ಚೇನಿ ಜುಲೈನಲ್ಲಿ ವಯೋಮಿಂಗ್‌ಗೆ ಹೋಗಿ ಅಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡು ಬಂದದ್ದು ಇದಕ್ಕೇ. ಹಾಗೆ ಮಾಡದಿದ್ದರೆ ಟೆಕ್ಸಸ್‌ನ 32 ಮತ ಚೇನಿಗೆ ಸಿಗುವುದು ಕಷ್ಟವಿತ್ತು. ಬುಷ್ 271ರಲ್ಲಿ ಗೆದ್ದು ಅಧ್ಯಕ್ಷರಾಗಿ, ಚೇನಿ 239ರಲ್ಲಿ ನಿಂತು, ಉಪಾಧ್ಯಕ್ಷರ ಆಯ್ಕೆ ಸೆನೆಟ್ ಬಾಗಿಲಿಗೆ ಹೋಗುತ್ತಿತ್ತು.

ಗೆಲ್ಲುವುದೇ ಗುರಿಯಲ್ಲದ ಆಟವೂ ಇದೆ. 1968ರಲ್ಲಿ ಜಾರ್ಜ್ ವಾಲೆಸ್ ಆಗಿ ಆಡಬಹುದು. ವರ್ಣಭೇದವನ್ನೇ ಬಂಡವಾಳ ಮಾಡಿಕೊಂಡ ಮನುಷ್ಯ. ಆ ಜಾಗದಲ್ಲಿ ಕೂತು ಉತ್ತರಿಸುವುದು ಹಿತವಾದ ಅನುಭವವಲ್ಲ. ಆದರೆ ಲೆಕ್ಕದ ದೃಷ್ಟಿಯಿಂದ ಇದು ಈ ಆಟದ ಅತ್ಯಂತ ಕುತೂಹಲದ ಮೂಲೆ. ಮೂರನೆಯ ಅಭ್ಯರ್ಥಿಗೆ ಬೇಕಿರುವುದು ನಿಕ್ಸನ್, ಹಂಫ್ರಿ ಇಬ್ಬರೂ 270 ಮುಟ್ಟದಂತೆ ತಡೆಯುವುದು. ನಿಜದಲ್ಲಿ ನಿಕ್ಸನ್ 301, ಹಂಫ್ರಿ 191, ವಾಲೆಸ್ 46. ನಿಕ್ಸನ್ ಬುಟ್ಟಿಯಿಂದ ಟೆನೆಸಿಯ 11, ಸೌತ್ ಕ್ಯಾರೊಲೈನಾದ 8, ನಾರ್ತ್ ಕ್ಯಾರೊಲೈನಾದಲ್ಲಿ ಅವರಿಗೆ ಬಿದ್ದ 12, ಮೂರನ್ನೂ ಕಿತ್ತುಕೊಂಡರೂ ಅವರ ಬಳಿ ಸರಿಯಾಗಿ 270 ಉಳಿದುಬಿಡುತ್ತದೆ! ಇನ್ನೊಂದು ರಾಜ್ಯ ಬೇಕೇ ಬೇಕು. ದಕ್ಷಿಣದ ಅಂಚಿನ ರಾಜ್ಯಗಳಿಗೆ ಒಗ್ಗುವಂಥವರೆಂದರೆ ಕೆಂಟಕಿಯ ಮಾಜಿ ಗವರ್ನರ್ ಹ್ಯಾಪಿ ಚಾಂಡ್ಲರ್. ಅವರ ಹೆಸರು ಪ್ರಸ್ತಾಪವಾಗಿತ್ತು, ವಾಲೆಸ್ ಬೆಂಬಲಿಗರೇ ಬೇಡವೆಂದರು. ಬದಲಿಗೆ ಬಂದವರು ವಾಯುಪಡೆಯ ಜನರಲ್ ಕರ್ಟಿಸ್ ಲಮೇ. ಅಕ್ಟೋಬರ್ 3ರಂದು ಪಿಟ್ಸ್‌ಬರ್ಗ್‌ನಲ್ಲಿ ಅವರನ್ನು ಪರಿಚಯಿಸುವ ಪತ್ರಿಕಾಗೋಷ್ಠಿಯಲ್ಲೇ ಅವರು ಅಣ್ವಸ್ತ್ರದ ಬಗ್ಗೆ ನಿರ್ಭಿಡೆಯಿಂದ ಮಾತಾಡತೊಡಗಿದರು, ಪಕ್ಕದಲ್ಲಿದ್ದ ವಾಲೆಸ್‌ಗೆ ಸಾವರಿಸಲು ಹೆಣಗಾಡಬೇಕಾಯಿತು.

ಒಂದು ಎಚ್ಚರಿಕೆ. ಆಟದಲ್ಲಿ ಪ್ರತಿ ಸಲವೂ ಅದೃಷ್ಟದ ಪಾಲು ಸ್ವಲ್ಪ ಇರುತ್ತದೆ. ಅದೇ ಉತ್ತರ, ಅದೇ ರನ್ನಿಂಗ್ ಮೇಟ್ ಇಟ್ಟರೂ ಫಲಿತಾಂಶ ಅತ್ತಿತ್ತ ಆಗುತ್ತದೆ. ಒಮ್ಮೆ ಗೆದ್ದ ಕೂಡಲೇ ‘ಇವರೇ ಸರಿ’ ಎನ್ನಬೇಡಿ. ಹೋಲಿಸಲೇಬೇಕಿದ್ದರೆ 25 ಉತ್ತರಗಳನ್ನೂ ಬರೆದಿಟ್ಟುಕೊಂಡು, ಅವನ್ನು ಬದಲಿಸದೆ, ಪ್ರತಿಯೊಬ್ಬ ರನ್ನಿಂಗ್ ಮೇಟ್ ಜೊತೆಗೂ ನಾಲ್ಕಾರು ಸಲ ಆಡಿ. ಒಟ್ಟು ಗೆಲುವು ಸೋಲಿಗಿಂತ ತೆಳು ಬಣ್ಣದ ರಾಜ್ಯಗಳ ಶೇಕಡಾವಾರು ಮತ ನೋಡಿ. ವ್ಯತ್ಯಾಸ ಇದ್ದರೆ ಅಲ್ಲೇ ಕಾಣುವುದು.

ಹೊಸಬರು 1960ರ ಕೆನಡಿಯಿಂದ ಶುರು ಮಾಡಿ, ಆಮೇಲೆ ಅದೇ ವರ್ಷವನ್ನು ನಿಕ್ಸನ್ ಆಗಿ ಆಡಿ ನೋಡಿ. ನಿಕ್ಸನ್ ಆರಿಸಿದ್ದು ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಹೆನ್ರಿ ಕ್ಯಾಬಟ್ ಲಾಡ್ಜ್‌ರನ್ನು. ಮ್ಯಾಸಚೂಸೆಟ್ಸಿನವರು, 1952ರಲ್ಲಿ ಇದೇ ಕೆನಡಿಯ ಕೈಯಲ್ಲಿ ಸೆನೆಟ್ ಸ್ಥಾನ ಕಳೆದುಕೊಂಡವರು. ಕೆನಡಿಯ ತವರಲ್ಲಿ ಕೆನಡಿಯನ್ನು ಸೋಲಿಸುತ್ತಾರೆಂದು ಯಾರೂ ನಂಬಿರಲಿಲ್ಲ. ವಿದೇಶಾಂಗ ನೀತಿಯ ಅನುಭವವೇ ಅವರ ಬಂಡವಾಳ. ಅದಾದರೆ ಎಂಟು ವರ್ಷ ಉಪಾಧ್ಯಕ್ಷರಾಗಿದ್ದ ನಿಕ್ಸನ್ ಬಳಿ ಆಗಲೇ ಇತ್ತು. ಪ್ರಚಾರದ ನಡುವೆ ಹಾರ್ಲೆಮ್‌ನಲ್ಲಿ ನಿಂತು ಸಂಪುಟದಲ್ಲಿ ಕಪ್ಪು ಸಚಿವರೊಬ್ಬರು ಇರುತ್ತಾರೆಂದು ಲಾಡ್ಜ್ ಮಾತು ಕೊಟ್ಟಾಗ, ದಕ್ಷಿಣದ ಮೇಲೂ ಕಣ್ಣಿಟ್ಟಿದ್ದ ನಿಕ್ಸನ್‌ಗೆ ಇಕ್ಕಟ್ಟಾಯಿತು. ನಿಮಗೆ ಬೇಕಿರುವುದು ಇನ್ನು 50 ಎಲೆಕ್ಟೋರಲ್ ಮತ. ಇಲಿನಾಯ್ ಮತ್ತು ಟೆಕ್ಸಸ್ ಸೇರಿದರೆ 51. ಇಲಿನಾಯ್, ನ್ಯೂಜೆರ್ಸಿ, ಮಿಸೌರಿ ಸೇರಿದರೆ 56. ಟೆಕ್ಸಸ್‌ನಲ್ಲಿ ಜಾನ್ಸನ್ ಕೂತಿದ್ದಾರೆ, ಆದ್ದರಿಂದ ಎರಡನೆಯ ದಾರಿ ಹಿಡಿಯಿರಿ. ಆ ಮೂರು ರಾಜ್ಯಗಳಿಗೆ ಲಾಡ್ಜ್ ಸಾಕೇ ಎಂದು ಯೋಚಿಸಿದ ಮೇಲೆ ಮೂರನೆಯ ಕ್ಲಿಕ್ ಒತ್ತಿ.